ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮ ಇಂಗ್ಲೆಂಡ್‌ನಲ್ಲಿದ್ದಾರೆ: ಕ್ರಿಸ್‌ಮಸ್‌ಗೆ ಮುಂಚೆ ಎಲ್ಲೆಲ್ಲಿ ಕರ್ಕೊಂಡು ಹೋಗಲಿ?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ನಾವಿರೋದು ಲಂಡನ್‌ಗೆ ಪಶ್ಚಿಮದ ರೆಡಿಂಗ್ ಊರಲ್ಲಿ. ಹಾಸನದಿಂದ ಅಪ್ಪ-ಅಮ್ಮ ಬಂದಿದ್ದಾರೆ, ಸಂಕ್ರಾಂತಿಗೆ ಮುಂಚೆ ವಾಪಸ್ ಹೋಗ್ತಾರೆ. ಅಪ್ಪನಿಗೆ 71. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತುತ್ತಾರೆ, ಆದ್ರೆ ನಿಧಾನ. ಮಕ್ಕಳಿಬ್ಬರು, ಎಂಟು ಮತ್ತು ಐದು ವರ್ಷ. ಎಲ್ಲರೂ ಸಸ್ಯಾಹಾರಿಗಳು.

ಅಪ್ಪನಿಗೆ ಮನೆಯಲ್ಲಿ ಕೂತು ಸಾಕಾಗಿದೆ. ಮಧ್ಯಾಹ್ನದ ಕಾಫಿ ಲೋಟ ಕೆಳಗಿಡೋದರೊಳಗೆ ಕತ್ತಲು. "ಇದೆಂಥ ದೇಶನಮ್ಮಾ, ಸಂಜೆ ಅನ್ನೋದೇ ಇಲ್ವಲ್ಲ" ಅಂತ ದಿನಾ ಕಿಟಕಿ ಹತ್ತಿರ ನಿಂತು ಹೇಳ್ತಾರೆ. ಕ್ರಿಸ್‌ಮಸ್‌ಗೆ ಮುಂಚೆ ಒಂದೆರಡು ಕಡೆ ಚೆನ್ನಾಗಿ ತೋರಿಸಿಬಿಡಬೇಕು ಅಂತ ಆಸೆ. ಹೈಡ್ ಪಾರ್ಕ್‌ನ ವಿಂಟರ್ ವಂಡರ್‌ಲ್ಯಾಂಡ್ ಜಾತ್ರೆ, ಕ್ಯೂ ಗಾರ್ಡನ್ಸ್ ಸಸ್ಯೋದ್ಯಾನದ ದೀಪಗಳು, ಬಾತ್ ಅನ್ನೋ ಊರಿನ ಕ್ರಿಸ್‌ಮಸ್ ಮಾರ್ಕೆಟ್, ಇಷ್ಟು ಪಟ್ಟಿ ಮಾಡಿದ್ದೀನಿ. ಎಲ್ಲದಕ್ಕೂ ಹೋಗೋಷ್ಟು ರಜೆನೂ ಇಲ್ಲ, ದುಡ್ಡೂ ಇಲ್ಲ. ಹಿರಿಯರನ್ನ ಕರ್ಕೊಂಡು ಹೋದವರು ಹೇಳಿ, ಯಾವುದು ಇಟ್ಕೊಳ್ಳಲಿ, ಯಾವುದು ಬಿಡಲಿ? 25ನೇ ತಾರೀಕು ನನಗೆ ರಜೆ, ಅವತ್ತು ಲಂಡನ್‌ಗೆ ಹೋಗೋಣ ಅಂತ ನಮ್ಮ ಯಜಮಾನರು ಹೇಳ್ತಿದ್ದಾರೆ.

ಸ್ಲೌ ಸಾಫ್ಟ್‌ವೇರ್:

ವಿಂಟರ್ ವಂಡರ್‌ಲ್ಯಾಂಡ್ ಮಕ್ಕಳಿಗೆ ಸೂಪರ್. ಜನ ಕಮ್ಮಿ ಇರೋ ಹೊತ್ತಲ್ಲಿ ಒಳಗೆ ಹೋಗೋಕೆ ದುಡ್ಡಿಲ್ಲ, ಆದ್ರೆ ಸ್ಲಾಟ್ ಮಾತ್ರ ಮೊದಲೇ ಬುಕ್ ಮಾಡಲೇಬೇಕು. ಒಳಗೆ ಹೋದ ಮೇಲೆ ಒಂದೊಂದು ಆಟಕ್ಕೂ ಬೇರೆ ಬೇರೆ ಟಿಕೆಟ್, ಪರ್ಸು ಭದ್ರ. ಮಳೆ ಬಂದರೆ ಕೆಸರು. ಹಿರಿಯರಿಗೆ ಕೂರೋಕೆ ಜಾಗ ಸಿಗೋದು ಕಷ್ಟ, ಸಿಕ್ಕಿದ ಕಡೆ ಸ್ಪೀಕರ್ ಕಿವಿಗೇ ಇರುತ್ತೆ.

ಡಬಲ್ ಡೆಕ್ಕರ್ ಶಿವಮೊಗ್ಗ:

ತಂಗಿ, ಮೊದಲು ನಿಮ್ಮ ಯಜಮಾನರಿಗೆ ಹೇಳು: 25ನೇ ತಾರೀಕು ಲಂಡನ್‌ನಲ್ಲಿ ಬಸ್ ಇಲ್ಲ, ಟ್ಯೂಬ್ (ನೆಲದಡಿ ರೈಲು) ಇಲ್ಲ. ನಿಮ್ಮ ರೆಡಿಂಗ್ ಟ್ರೈನೂ ಇಲ್ಲ. ನಾನು ಈ ಊರಲ್ಲಿ ಬಸ್ ಓಡಿಸೋನು, ವರ್ಷದಲ್ಲಿ ನಮಗೆಲ್ಲ ಒಟ್ಟಿಗೆ ಗ್ಯಾರಂಟಿ ರಜೆ ಅಂದ್ರೆ ಅದೊಂದೇ ದಿನ. 24ರ ಸಂಜೆನೇ ಟ್ರೈನ್‌ಗಳು ಬೇಗ ನಿಂತುಹೋಗ್ತವೆ. 26ಕ್ಕೂ ಬಹಳ ಕಡೆ ಓಡಲ್ಲ, ಹಳಿ ರಿಪೇರಿಯನ್ನೆಲ್ಲ ಆ ವಾರಕ್ಕೇ ಇಟ್ಕೊಂಡಿರ್ತಾರೆ. ದೊಡ್ಡ ಅಂಗಡಿಗಳು 25ಕ್ಕೆ ಬಾಗಿಲು ತೆಗೆಯೋ ಹಾಗೇ ಇಲ್ಲ, ಅದಕ್ಕೆ 2004ರಲ್ಲಿ ಕಾನೂನೇ ಆಗಿದೆ. ಹಾಲು-ಮೊಸರು 24ರ ಬೆಳಿಗ್ಗೆನೇ ತಂದಿಟ್ಕೊ.

ಇನ್ನು ನಿನ್ನ ಪಟ್ಟಿ. ಒಂದೇ ದಿನದಲ್ಲಿ ಮಕ್ಕಳನ್ನೂ ಮೆಚ್ಚಿಸ್ತೀನಿ, ಅಪ್ಪ-ಅಮ್ಮನನ್ನೂ ಮೆಚ್ಚಿಸ್ತೀನಿ ಅಂತ ಹೊರಡಬೇಡ. ಈ ತಿಂಗಳಿಡೀ ನನ್ನ ಬಸ್ಸಲ್ಲಿ ಅಂಥ ಸಂಸಾರಗಳನ್ನ ನೋಡ್ತಾನೇ ಇರ್ತೀನಿ. ಮಗು ಅಳ್ತಿರುತ್ತೆ, ಅಜ್ಜಿ ಕಾಲು ಒತ್ಕೊಳ್ತಿರ್ತಾರೆ, ಮಗಳು ಫೋನಲ್ಲಿ ಮ್ಯಾಪ್ ಹಿಡ್ಕೊಂಡು ಗಂಡನ ಮೇಲೆ ರೇಗ್ತಿರ್ತಾಳೆ. ಮಕ್ಕಳ ದಿನ ಬೇರೆ, ಹಿರಿಯರ ದಿನ ಬೇರೆ.

ಹಿರಿಯರ ದಿನಕ್ಕೆ ಮಕ್ಕಳು ಸ್ಕೂಲಲ್ಲಿರೋ ಮಂಗಳವಾರನೋ ಬುಧವಾರನೋ ಒಂದು ರಜೆ ಹಾಕು. ಯಜಮಾನರೂ ರಜೆ ಹಾಕಿದ್ರೆ ಒಳ್ಳೇದು, ಆದ್ರೆ ಒಬ್ಬರು ಸ್ಕೂಲ್ ಬಿಡೋ ಹೊತ್ತಿಗೆ ವಾಪಸ್ ಹೋಗಬೇಕಾಗುತ್ತೆ, ಅದನ್ನ ನೀವೇ ನೋಡ್ಕೊಳ್ಳಿ. ಬೆಳಗಿನ ರಷ್ ಕಳೆದ ಮೇಲೆ ಟ್ರೈನ್ ಹತ್ತಿ. ಮೂರು ಜನ ದೊಡ್ಡವರು ಒಟ್ಟಿಗಿದ್ರೆ ಗ್ರೂಪ್‌ಸೇವ್ ಅಂತ ಟಿಕೆಟ್ ಇದೆ, ಮೂರನೇ ಒಂದು ಭಾಗ ಕಮ್ಮಿ ಆಗುತ್ತೆ. ಬಹಳ ಜನ ಕೇಳೋದೇ ಇಲ್ಲ. ಅಪ್ಪ-ಅಮ್ಮನಿಗೆ ಒಂದೊಂದು ಆಯ್ಸ್ಟರ್ ಕಾರ್ಡ್ ಮಾಡಿಸು, ದುಡ್ಡು ತುಂಬಿಸಿ ಲಂಡನ್ ಬಸ್ಸಲ್ಲಿ, ಟ್ಯೂಬಲ್ಲಿ ಉಜ್ಜೋ ಕಾರ್ಡ್ ಅದು. ಬಸ್ಸಲ್ಲಿ ನಾವು 2014ರಿಂದ ಕಾಸು ಮುಟ್ಟಲ್ಲ, ನಿನ್ನ ಒಂದೇ ಕಾರ್ಡನ್ನ ಮೂರು ಜನಕ್ಕೆ ಉಜ್ಜೋಕೂ ಆಗಲ್ಲ.

ನಿಮ್ಮ ಟ್ರೈನ್ ಬಂದು ನಿಲ್ಲೋ ಪ್ಯಾಡಿಂಗ್ಟನ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ ಟ್ಯೂಬ್‌ನ ಸರ್ಕಲ್ ಲೈನ್, ಬದಲಿಸೋದು ಬೇಡ. ಸೇತುವೆ ದಾಟಿ ಬಲಕ್ಕೆ ತಿರುಗಿದ್ರೆ ನದಿ ಪಕ್ಕದಲ್ಲೇ ಮಟ್ಟಸವಾದ ದಾರಿ. ಎಡಗಡೆ ಗೋಡೆ ಉದ್ದಕ್ಕೂ ಕೆಂಪು ಹೃದಯಗಳನ್ನ ಬರೆದಿದ್ದಾರೆ, ಕೋವಿಡ್‌ನಲ್ಲಿ ಹೋದವರ ನೆನಪಿಗೆ. ಬಲಗಡೆ ಇಡೀ ಪಾರ್ಲಿಮೆಂಟ್ ಕಾಣುತ್ತೆ. ಬೆಂಚುಗಳಿವೆ, ಅಮ್ಮ ಕೂತು ಕೂತು ಬರಲಿ. ಮುಂದೆ ಲ್ಯಾಂಬೆತ್ ಸೇತುವೆ ಸಿಕ್ಕಾಗ ಅದನ್ನ ಹತ್ತದೆ, ಇದೇ ದಡದಲ್ಲಿ ಹಾಗೇ ಮುಂದಕ್ಕೆ ಹೋದ್ರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರು ಕೂತಿದ್ದಾರೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಕ್ರಿಸ್‌ಮಸ್‌ಗೂ ಬಸವಣ್ಣನಿಗೂ ಏನು ಸಂಬಂಧ ಅಂತ ಕೇಳಬೇಡ. ಹಾಸನದಿಂದ ಬಂದ ಅಪ್ಪನಿಗೆ ಥೇಮ್ಸ್ ದಂಡೆಯಲ್ಲಿ ಕನ್ನಡದವರೊಬ್ಬರು ಸಿಕ್ಕಿದ್ರೆ ಆಮೇಲೆ ನೀನು ತೋರಿಸಿದ್ದೆಲ್ಲ ಚೆನ್ನಾಗೇ ಕಾಣುತ್ತೆ. ಇದನ್ನ ಬೆಳಕಿದ್ದಾಗಲೇ ಮುಗಿಸು, ಡಿಸೆಂಬರ್ ಮಧ್ಯದಲ್ಲಿ 3.50ರ ಆಸುಪಾಸಿಗೆ ಸೂರ್ಯ ಮುಳುಗಿರ್ತಾನೆ.

ಅಲ್ಲಿಂದ ಟ್ರಫಾಲ್ಗರ್ ಚೌಕ. ಮೂರು ಗಂಟೆಗೆ ಅಲ್ಲಿದ್ರೆ ಸೀದಾ ನ್ಯಾಷನಲ್ ಗ್ಯಾಲರಿ ಒಳಗೆ ನುಗ್ಗು. ಕಾಸಿಲ್ಲ, ಬೆಚ್ಚಗಿರುತ್ತೆ, ಶೌಚಾಲಯ ಇದೆ, ಚಿತ್ರಗಳ ಮುಂದೆ ಕೂರೋಕೆ ಮೆತ್ತನೆ ಸೀಟಿದೆ. (24ರಿಂದ 26ರವರೆಗೆ ಅದೂ ಮುಚ್ಚಿರುತ್ತೆ.) ಕತ್ತಲಾದ ಮೇಲೆ ಹೊರಗೆ ಬಂದ್ರೆ ಎದುರಿಗೇ ಕ್ರಿಸ್‌ಮಸ್ ಮರ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಜೊತೆಗೆ ನಿಂತಿದ್ದಕ್ಕೆ ಅಂತ ನಾರ್ವೆಯ ಓಸ್ಲೋ ನಗರದವರು 1947ರಿಂದ ವರ್ಷಾವರ್ಷ ಕಳಿಸೋ ಮರ ಅದು. ಇಪ್ಪತ್ತು ಮೀಟರ್ ದಾಟಿರುತ್ತೆ. ಸಾಮಾನ್ಯವಾಗಿ ಡಿಸೆಂಬರ್ ಮೊದಲ ಗುರುವಾರ ದೀಪ ಹಚ್ತಾರೆ. ದೀಪದ ಸರಗಳನ್ನ ಸುತ್ತಲ್ಲ, ನಾರ್ವೆ ಪದ್ಧತಿ ಪ್ರಕಾರ ಮೇಲಿಂದ ಕೆಳಕ್ಕೆ ನೇರ ಇಳಿಬಿಟ್ಟಿರ್ತಾರೆ. "ಈ ಸಲ ಮರ ಸೊರಗಿದೆ" ಅಂತ ಇಲ್ಲಿಯವರು ಪ್ರತಿ ವರ್ಷ ಫೇಸ್‌ಬುಕ್‌ನಲ್ಲಿ ಜಗಳ ಆಡ್ತಾರೆ. ನನಗಂತೂ ಆ ಸರಳ ಅಲಂಕಾರನೇ ಇಷ್ಟ. ಬಹಳ ಸಂಜೆ ಮರದ ಕೆಳಗೆ ಯಾವುದಾದ್ರೂ ತಂಡ ನಿಂತು ಕ್ಯಾರಲ್ (ಕ್ರಿಸ್‌ಮಸ್ ಹಾಡು) ಹಾಡ್ತಿರುತ್ತೆ, ಡಬ್ಬಿ ಹಿಡ್ಕೊಂಡು ದತ್ತಿಗೆ ದುಡ್ಡು ಎತ್ತುತ್ತಾರೆ.

ಕೊನೆಗೆ ಬಸ್. ಟ್ರಫಾಲ್ಗರ್‌ನಿಂದ ರೀಜೆಂಟ್ ಸ್ಟ್ರೀಟ್ ಮೇಲೆ ಆಕ್ಸ್‌ಫರ್ಡ್ ಸರ್ಕಸ್ ಕಡೆ ಹೋಗೋ ಡಬಲ್ ಡೆಕ್ಕರ್ ಹತ್ತು. ಆ ಬೀದಿಗೆ 1954ರಿಂದ ಕ್ರಿಸ್‌ಮಸ್ ದೀಪ ಹಾಕ್ತಿದ್ದಾರೆ. ಈಗ ರೆಕ್ಕೆ ಬಿಚ್ಚಿದ ದೇವತೆಗಳ ಸಾಲು, ಅಪ್ಪ ಮೇಲ್ಗಡೆ ಮುಂದಿನ ಸೀಟಲ್ಲಿ ಕೂತ್ರೆ ಒಂದೊಂದೇ ತಲೆ ಮೇಲೆ ಹಾದು ಹೋಗುತ್ತೆ. ಟೂರ್ ಬಸ್ಸಿನವರು ಇದಕ್ಕೇ ಬೇಕಾದಷ್ಟು ಕೀಳ್ತಾರೆ, ನಮ್ಮ ಬಸ್ಸಲ್ಲಿ ಮಾಮೂಲಿ ಚಾರ್ಜು, ಅದೂ ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದ್ರೆ ಮತ್ತೆ ಕೊಡೋದೂ ಬೇಡ. ಅಮ್ಮ ಕೆಳಗೇ ಕೂರಲಿ, ಬಾಗಿಲ ಹತ್ತಿರದ ಸೀಟು ವಯಸ್ಸಾದವರಿಗೇ ಇರೋದು, ಅಲ್ಲಿಂದ ಅಂಗಡಿ ಕಿಟಕಿಗಳ ಅಲಂಕಾರ ಇನ್ನೂ ಚೆನ್ನಾಗಿ ಕಾಣುತ್ತೆ. ಒಂದು ಮಾತು ಡ್ರೈವರ್ ಆಗಿ ಹೇಳ್ತೀನಿ: ಅಪ್ಪ ಮೆಟ್ಟಿಲು ಹತ್ತೋದು ಇಳಿಯೋದು ಬಸ್ ನಿಂತಿದ್ದಾಗ ಮಾತ್ರ. "ಮುಂದಿನ ಸ್ಟಾಪಲ್ಲಿ ಇಳೀಬೇಕು" ಅಂತ ಮೊದಲೇ ಎದ್ದು ಬರೋರೇ ಬೀಳೋದು. ಸ್ಟಾಪ್ ಬರಲಿ, ಆಮೇಲೆ ಏಳಲಿ, ನಾವು ಕಾಯ್ತೀವಿ. ಶನಿವಾರ ಮಾತ್ರ ಬರಬೇಡ. ಆವತ್ತು ಅಲ್ಲಿ ಬಸ್ಸಿಗಿಂತ ನಡೆಯೋರೇ ಮುಂದೆ ಹೋಗ್ತಾರೆ.

ಕ್ಯೂ ಗಾರ್ಡನ್ಸ್ ಚೆಂದವೇ. ಆದ್ರೆ ಅದು ಚಳಿಯಲ್ಲಿ ಹತ್ತತ್ರ ಮೂರು ಕಿಲೋಮೀಟರ್ ನಡಿಗೆ. ಮಂಡಿ ನೋವಿನವರಿಗೆ ಬೇಡ.

ಹೇಮಾವತಿ ದಂಡೆ:

ಅಣ್ಣಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬಸವಣ್ಣನವರ ಪ್ರತಿಮೆ ವಿಷಯ ಹೇಳಿದ್ದೇ ತಡ, ಅಪ್ಪ ಇಸ್ತ್ರಿ ಮಾಡಿದ ಪಂಚೆ ಸೂಟ್‌ಕೇಸಿಂದ ತೆಗೆದಿಟ್ಟಿದ್ದಾರೆ! ಚಳಿಗೆ ಪಂಚೆ ಬೇಡ ಅಂದ್ರೆ ಕೇಳ್ತಿಲ್ಲ. ಅಮ್ಮನಿಗೆ ಚರ್ಚ್ ಒಳಗೆ ಹಾಡು ಕೇಳೋ ಆಸೆ ಇದೆ. ನಮ್ಮಂಥವರು ಹೋಗಬಹುದಾ? ತಿನ್ನೋದರ ಬಗ್ಗೆಯೂ ಯಾರಾದ್ರೂ ಹೇಳಿ.

ಕುಡ್ಲದ ಕಡಲು:

ಪಂಚೆ ಒಳಗೆ ಥರ್ಮಲ್ ಪ್ಯಾಂಟ್ ಹಾಕಿಸಿ, ಯಾರಿಗೂ ಗೊತ್ತಾಗಲ್ಲ. ನಮ್ಮ ಮಾವ ಮೇಲೊಂದು ಮಂಕಿ ಕ್ಯಾಪ್ ಹಾಕ್ಕೊಂಡು ಇಡೀ ಡಿಸೆಂಬರ್ ಹೀಗೇ ಓಡಾಡಿದರು. ಅಮ್ಮ ಸೀರೆ ಉಡೋದಾದರೆ ಗಿಡ್ಡ ಉಡಲಿ, ಅಂಚು ಒದ್ದೆಯಾದರೆ ದಿನವಿಡೀ ಒಣಗಲ್ಲ. ಚಪ್ಪಲಿ ಜೊತೆ ಸಾಕ್ಸ್ ಬೇಡ, ಶೂ ಕೊಡಿಸಿ.

ನಾನು ಮಂಗಳೂರಿನ ಕೆಥೋಲಿಕ್, ಆದ್ದರಿಂದ ಚರ್ಚಿನ ಮಾತು ನನಗೆ ಬಿಡಿ. ಖಂಡಿತ ಹೋಗಬಹುದು. ಕ್ರಿಸ್‌ಮಸ್‌ಗೆ ಮುಂಚಿನ ಎರಡು ವಾರ ಹೆಚ್ಚುಕಮ್ಮಿ ಎಲ್ಲ ಚರ್ಚಿನಲ್ಲೂ ಕ್ಯಾರಲ್ ಸರ್ವಿಸ್ ಇರುತ್ತೆ, ನಿಮ್ಮ ಬೀದಿಯ ಚರ್ಚಿನ ಬಾಗಿಲಲ್ಲೇ ಚೀಟಿ ಅಂಟಿಸಿರ್ತಾರೆ. ಲಂಡನ್ನಿನ ದೊಡ್ಡ ಕೆಥೆಡ್ರಲ್‌ಗಳಿಗೆ ಹೋಗಿ ಕ್ಯೂ ನಿಲ್ಲೋದಕ್ಕಿಂತ ಮನೆ ಹತ್ತಿರದ ಚರ್ಚೇ ಅಮ್ಮನಿಗೆ ಒಳ್ಳೇದು. ಕಾಲು ಗಂಟೆ ಮುಂಚೆ ಹೋಗಿ ಹೀಟರ್ ಪಕ್ಕದ ಬೆಂಚು ಹಿಡಿಯಿರಿ. ಒಳಗೆ ಬರುವಾಗ ಹಾಡಿನ ಹಾಳೆ ಕೊಡ್ತಾರೆ, ಕೆಲವು ಕಡೆ ಕಾಗದದ ಕೊರಳಪಟ್ಟಿ ಸುತ್ತಿದ ಸಣ್ಣ ಮೇಣದ ಬತ್ತಿನೂ. ಐದು ವರ್ಷದವನ ಕೈಗೆ ಅದನ್ನ ಕೊಡಬೇಡಿ, ಮುಂದಿನ ಬೆಂಚಿನವರ ಉಣ್ಣೆ ಕೋಟು ಸರಿಯಾಗಿ ಅವನ ಎತ್ತರಕ್ಕೇ ಇರುತ್ತೆ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಮಂಡಿ ನೋವಿದ್ದರೆ ಕೂತೇ ಇರಲಿ, ಯಾರೂ ತಿರುಗಿ ನೋಡಲ್ಲ. 24ರ ರಾತ್ರಿ ಪೂಜೆಗೆ ನಮ್ಮ ಚರ್ಚಿಗೆ ಬಂದರೂ ಸಂತೋಷ. ಪರಮ ಪ್ರಸಾದ ತಗೊಳ್ಳೋಕೆ ಸಾಲು ಹೊರಟಾಗ ಮಾತ್ರ ಕೂತಿರಿ, ಇಲ್ಲವಾದರೆ ಎದೆ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡು ಹೋಗಿ, ಪಾದ್ರಿಗಳು ಆಶೀರ್ವಾದ ಮಾಡಿ ಕಳಿಸ್ತಾರೆ.

ಹೊರಗೆ ಹೋಗೋಕೆ ಆಗದಿದ್ದರೆ 24ರ ಮಧ್ಯಾಹ್ನ ಮೂರಕ್ಕೆ ಬಿಬಿಸಿ ರೇಡಿಯೋ 4 ಹಾಕಿ. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜ್ ಚಾಪೆಲ್‌ನಿಂದ ಕ್ಯಾರಲ್ ಸರ್ವಿಸ್‌ನ ನೇರ ಪ್ರಸಾರ. ಆ ಸರ್ವಿಸ್ 1918ರಲ್ಲಿ ಶುರುವಾದದ್ದು, ರೇಡಿಯೋಗೆ ಬಂದದ್ದು 1928ರಲ್ಲಿ. ಮೊದಲ ಹಾಡಿನ ಮೊದಲ ನುಡಿಯನ್ನ ಒಬ್ಬನೇ ಹುಡುಗ ಹಾಡ್ತಾನೆ, ವಾದ್ಯ ಇಲ್ಲದೆ. ಹಾಡೋನು ನೀನೇ ಅಂತ ಆ ಕ್ಷಣದಲ್ಲಷ್ಟೇ ಅವನಿಗೆ ಸನ್ನೆ ಮಾಡ್ತಾರೆ, ಮೊದಲೇ ಹೇಳಿದರೆ ಹೆದರಿಬಿಡ್ತಾನಲ್ಲ.

ಬಾತ್ ಮಾರ್ಕೆಟ್ ಬಗ್ಗೆ: ತಾರೀಕು ನೋಡಿ ಹೊರಡಿ. ಕ್ರಿಸ್‌ಮಸ್‌ವರೆಗೂ ಇರುತ್ತೆ ಅಂದುಕೊಳ್ತಾರೆ, ಅದನ್ನ ಡಿಸೆಂಬರ್ ಮಧ್ಯದ ಹೊತ್ತಿಗೇ ಎತ್ತಿಬಿಡ್ತಾರೆ.

ಎರಡು ಮಕ್ಕಳ ತಾಯಿ:

ತಿನ್ನೋದಕ್ಕೆ ನಾನು. ಮಿನ್ಸ್ ಪೈ ಅಂದ್ರೆ ಕ್ರಿಸ್‌ಮಸ್‌ನ ಸಣ್ಣ ಸಿಹಿ ಕಡುಬು. ಹೆಸರಲ್ಲಿ ಮಿನ್ಸ್ ಇದ್ರೂ ಒಳಗೆ ಈಗ ಇರೋದು ಮಾಂಸ ಅಲ್ಲ, ಒಣದ್ರಾಕ್ಷಿ, ಮಸಾಲೆ, ಸಕ್ಕರೆ. ಆದ್ರೂ ಡಬ್ಬಿ ತಿರುಗಿಸಿ ಓದಿ: ಸೂಯೆಟ್ ಅಂತ ಇದ್ದರೆ ಅದು ದನದ ಕೊಬ್ಬು, ವೆಜಿಟಬಲ್ ಸೂಯೆಟ್ ಅಂತಿದ್ದರೆ ಸರಿ. ಕ್ರಿಸ್‌ಮಸ್ ಪುಡ್ಡಿಂಗ್‌ಗೂ ಇದೇ ಮಾತು, ಅದರಲ್ಲಿ ಬ್ರಾಂದಿ ಬೇರೆ. ಮಾರ್ಕೆಟಲ್ಲಿ ಮಕ್ಕಳು ಹಾಟ್ ಚಾಕೊಲೇಟ್ ಕೇಳೇ ಕೇಳ್ತಾರೆ, ಮೇಲಿನ ಮಾರ್ಷ್‌ಮ್ಯಾಲೋ ಬೇಡ ಅಂತ ಮೊದಲೇ ಹೇಳಿ, ಪ್ರಾಣಿಗಳ ಚರ್ಮ-ಮೂಳೆಯಿಂದ ಮಾಡೋ ಜೆಲಟಿನ್ ಇರುತ್ತೆ. ಹಾಕಿದ ಮೇಲೆ ಕಿತ್ತುಕೊಂಡರೆ ಅಲ್ಲೇ ರಂಪ. ಸುಟ್ಟ ಚೆಸ್ಟ್‌ನಟ್ ಆರಾಮಾಗಿ ತಿನ್ನಬಹುದು, ಅಜ್ಜಿಯರಿಗೆ ಬಿಸಿ ಪೊಟ್ಟಣ ಕೈಲಿ ಹಿಡಿಯೋಕೂ ಇಷ್ಟ.

ಬಸ್ ಅಣ್ಣ ಹೇಳಿದ್ದರಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಕ್ಕಳೂ ಹಿರಿಯರೂ ಒಟ್ಟಿಗೆ ಕೂತು ನಗೋದು ಒಂದಿದೆ, ಪ್ಯಾಂಟೊಮೈಮ್. ನಮ್ಮ ಕಂಪನಿ ನಾಟಕದ ಹಾಗೇ ಅನ್ನಿ: ಗಂಡಸು ಹೆಂಗಸಿನ ವೇಷ ಹಾಕಿ ಬರ್ತಾನೆ, ಖಳನಾಯಕ ಬಂದರೆ ಇಡೀ ಸಭೆ ಬೂ ಅನ್ನುತ್ತೆ, "ನಿನ್ನ ಹಿಂದೇ ಇದ್ದಾನೆ!" ಅಂತ ಮಕ್ಕಳು ಕಿರುಚ್ತಾರೆ, ಊರಿನ ಕೌನ್ಸಿಲ್ ಮೇಲೂ ನಾಲ್ಕು ಜೋಕು ಬೀಳುತ್ತೆ. ನಮ್ಮತ್ತೆಗೆ ಇಂಗ್ಲಿಷ್ ಬರಲ್ಲ. ಇಂಟರ್ವಲ್ ಹೊತ್ತಿಗೆ ಪಕ್ಕದ ಸೀಟಿನ ಬಿಳಿ ಅಜ್ಜಿ ಜೊತೆ ಸೇರಿ ಖಳನಾಯಕನಿಗೆ ಬೂ ಅಂತಿದ್ದರು, ಐಸ್‌ಕ್ರೀಮ್ ಕಪ್ ಕೈಲಿ ಹಿಡ್ಕೊಂಡೇ. ಲಂಡನ್ ಬೇಡ, ನಿಮ್ಮ ಊರಿನ ಥಿಯೇಟರಲ್ಲೇ ನೋಡಿ. ಸಾಲಿನ ತುದಿ ಸೀಟು ಕೇಳಿ, ಅಮ್ಮ ಕಾಲು ಚಾಚಬಹುದು.

ಡಬಲ್ ಡೆಕ್ಕರ್ ಶಿವಮೊಗ್ಗ:

ಒಪ್ಪಿದೆ ಅಕ್ಕಾ, ಪ್ಯಾಂಟೊ ಲೆಕ್ಕಕ್ಕೆ ತಗೊಂಡಿರಲಿಲ್ಲ. ಅದು ಬಿಟ್ಟು ನನ್ನ ಮಾತು ಹಾಗೇ.

ಹಾಸನದ ತಂಗಿ, ಮಕ್ಕಳ ದಿನಕ್ಕೆ ಸಾಂಟಾ ಟ್ರೈನ್ ನೋಡು. ಸಸೆಕ್ಸ್‌ನ ಬ್ಲೂಬೆಲ್ ರೈಲ್ವೆಯಂಥ ಹಳೇ ಉಗಿಬಂಡಿ ಲೈನುಗಳಲ್ಲಿ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಓಡಿಸ್ತಾರೆ, ಸಾಂಟಾ ಡಬ್ಬಿಯಿಂದ ಡಬ್ಬಿಗೆ ಬಂದು ಮಕ್ಕಳಿಗೆ ಗಿಫ್ಟ್ ಕೊಡ್ತಾನೆ. ವಾರಾಂತ್ಯದ ಸೀಟು ಬಹಳ ಮುಂಚೆನೇ ಖಾಲಿಯಾಗುತ್ತೆ, ಸ್ಕೂಲ್ ರಜೆ ಶುರುವಾದ ಮೇಲಿನ ವಾರದ ದಿನ ಹುಡುಕು. ಅಪ್ಪ ಕಲ್ಲಿದ್ದಲು ಇಂಜಿನ್ ಕಾಲದವರು, ಬರ್ತೀನಿ ಅಂದ್ರೆ ಅವರಿಗೂ ಒಂದು ಸೀಟು ಹಾಕು.

ಹೇಮಾವತಿ ದಂಡೆ:

ಅಪ್ಪ ಪಕ್ಕದಲ್ಲೇ ಕೂತು ಇದನ್ನೆಲ್ಲ ಓದಿಸ್ಕೊಂಡರು. ಮಂಗಳವಾರ ರಜೆ ಹಾಕಿದೆ, ಪ್ಯಾಂಟೊ ಟಿಕೆಟ್ ಆರೂ ತಗೊಂಡೆ, ವಂಡರ್‌ಲ್ಯಾಂಡ್, ಕ್ಯೂ, ಬಾತ್ ಮೂರೂ ಬಿಟ್ಟೆ. ಉಗಿಬಂಡಿಗೆ ಮಕ್ಕಳಿಗಿಂತ ಅಪ್ಪನದೇ ಜಾಸ್ತಿ ಅವಸರ, ಅದರ ಸೀಟು ಹುಡುಕ್ತಾ ಇದ್ದೀನಿ. 25ಕ್ಕೆ ಯಜಮಾನರು ಮನೆಯಲ್ಲೇ ಬಿಸಿಬೇಳೆಬಾತ್ ಮಾಡ್ತಾರಂತೆ.