ಅಪ್‌ಡೇಟ್: ಕೆನಡಾ ಪಿಆರ್ ಅರ್ಜಿಯಲ್ಲಿ ಕೆಲಸ ಬಿಟ್ಟ ತಿಂಗಳು ತಪ್ಪಾಗಿತ್ತು

ಕೆನಡಾದ ಪಿಆರ್‌ಗೆ, ಅಂದರೆ ಶಾಶ್ವತ ವಾಸದ ಅನುಮತಿಗೆ, ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕ ಆಧಾರಿತ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಿದ ಮೇಲೆ ತಪ್ಪು ಕಂಡು, ಸರಿಪಡಿಸುವುದು ಹೇಗೆಂದು ಇಲ್ಲಿ ಗಾಬರಿಯಿಂದ ಕೇಳಿದ್ದೆ, ನೆನಪಿರಬಹುದು. ಬೆಂಗಳೂರಿನ ಕಂಪನಿ ಬಿಟ್ಟದ್ದು 2018ರ ಮೇ ತಿಂಗಳಲ್ಲಿ. ನಾನು ಬರೆದದ್ದು ಸೆಪ್ಟೆಂಬರ್. ಕಂಪನಿಯ ರಿಲೀವಿಂಗ್ ಪತ್ರದಲ್ಲಿ ಮೇ ಎಂದೇ ಇತ್ತು.

ನೀವು ಕೊಟ್ಟ ಸಲಹೆಗಳಲ್ಲಿ ಫಲ ಕೊಟ್ಟದ್ದು ವೆಬ್‌ಫಾರ್ಮ್, ಅಂದರೆ ಕೆನಡಾ ವಲಸೆ ಇಲಾಖೆಗೆ ಪತ್ರ, ದಾಖಲೆ ಕಳಿಸುವ ಆನ್‌ಲೈನ್ ನಮೂನೆ. ಸಲ್ಲಿಸಿದ ಅರ್ಜಿಯನ್ನು ಖಾತೆಯೊಳಗೆ ತಿದ್ದಲು ಬರುವುದಿಲ್ಲ. ಇಲಾಖೆಗೆ ಫೋನ್ ಮಾಡಿ ನೋಡಿದೆ, ಅವರೂ ವೆಬ್‌ಫಾರ್ಮ್ ಕಡೆಗೇ ಕಳಿಸಿದರು. ಅರ್ಜಿ ಹಿಂತೆಗೆದುಕೊಂಡು ಹೊಸದಾಗಿ ಹಾಕು ಎಂದವರ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು.

ವಿವರಣೆ ಪತ್ರ ಒಂದೇ ಪುಟ. ಮೇಲೆ ಅರ್ಜಿ ಸಂಖ್ಯೆ, ಯುಸಿಐ (ಇಲಾಖೆ ಪ್ರತಿ ಅರ್ಜಿದಾರರಿಗೆ ಕೊಡುವ ಗುರುತಿನ ಸಂಖ್ಯೆ). ಕೆಳಗೆ ಎರಡು ಸಾಲು: "ಬರೆದದ್ದು: ಸೆಪ್ಟೆಂಬರ್ 2018. ಸರಿಯಾದದ್ದು: ಮೇ 2018." ನಂತರ ಆ ನಾಲ್ಕು ತಿಂಗಳು ಹಾಸನದಲ್ಲಿ ಅಪ್ಪನ ಆರೈಕೆಯಲ್ಲಿದ್ದೆ, ಕೆಲಸವಿರಲಿಲ್ಲ ಎಂದು ನೇರವಾಗಿ ಬರೆದೆ. ರಿಲೀವಿಂಗ್ ಪತ್ರ ಲಗತ್ತಿಸಿದೆ. ಮೂರು ವರ್ಷ ದಾಟಿದ ವಿದೇಶಿ ಅನುಭವಕ್ಕೆ ಸಿಆರ್‌ಎಸ್ ಅಂಕ (ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿದಾರರಿಗೆ ಶ್ರೇಯಾಂಕ ಕೊಡುವ ಅಂಕ) ಹೆಚ್ಚುವುದಿಲ್ಲ, ಹಾಗಾಗಿ ನನ್ನ ಅಂಕ ಬದಲಾಗಲಿಲ್ಲ. ನಿಮ್ಮ ಅಂಕ ಇಳಿಯುವುದಾದರೆ ಮೊದಲು ವಲಸೆ ಸಲಹೆಗಾರರನ್ನು ಕಾಣಿ.

ನನಗೆ ಗೊತ್ತಿಲ್ಲದಿದ್ದ ಸಂಗತಿ: ಅರ್ಜಿಯ ವೈಯಕ್ತಿಕ ಇತಿಹಾಸದ ಭಾಗದಲ್ಲಿ ಒಂದು ತಿಂಗಳೂ ಖಾಲಿ ಬಿಡಬಾರದು, ನಿರುದ್ಯೋಗವನ್ನೂ ನಮೂದಿಸಬೇಕು. ತಪ್ಪು ಮಾಹಿತಿಯೆಂದು ತೀರ್ಮಾನವಾದರೆ ಐದು ವರ್ಷ ಪ್ರವೇಶವಿಲ್ಲ. ಅವರು ಕೇಳುವ ಮುಂಚೆ ನಾವೇ ಹೇಳಿಬಿಡಬೇಕೆಂದು ಒತ್ತಿ ಹೇಳಿದ ಮೈಸೂರಿನ ಅಕ್ಕನಿಗೆ ನಾನು ಋಣಿ.

ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ ಎಂಬ ಮೇಲ್ ನಿನ್ನೆ ಬಂತು. ಖಾತೆಯಲ್ಲಿ ಮಾತ್ರ ಹಳೆಯ ತಿಂಗಳೇ ಕಾಣುತ್ತಿದೆ. ಅದನ್ನು ನೋಡಿ ಹೆದರಬೇಡಿ.