ಹುಳಕ್ಕೂ ‘ಜನಸಂಖ್ಯೆ’ ಇರುತ್ತಾ?

ಕುಶಾಲನಗರದ ಹತ್ತಿರ ನಮ್ಮದೊಂದು ಅರ್ಧ ಎಕರೆ ಎಲೆಕೋಸು ಇದೆ. ಮೊನ್ನೆ ಕೈಗೆ ಸಿಕ್ಕಿದ ಕರಪತ್ರದಲ್ಲಿ ‘ಎಲೆಕೋಸಿನ ಕೀಟಗಳ ಜನಸಂಖ್ಯಾ ಚಲನಶೀಲತೆ’ ಅನ್ನೋ ತಲೆಬರಹ ನೋಡಿ ನಗು ಬಂತು. ಹುಳದ ಮಧ್ಯೆ ಜನ ಎಲ್ಲಿಂದ ಬಂದರು? ನಾಟಿಯಿಂದ ಕೊಯ್ಲಿನವರೆಗೆ ಯಾವ ಹುಳ ಯಾವಾಗ ಜಾಸ್ತಿ, ಯಾವಾಗ ಕಡಿಮೆ ಅನ್ನೋದಷ್ಟೇ ಒಳಗಿದ್ದ ವಿಷಯ.

ನಮ್ಮ ಪಕ್ಕದ ಗದ್ದೆಯ ಅಜ್ಜ ಇದನ್ನು ಎರಡೇ ಮಾತಲ್ಲಿ ಮುಗಿಸುತ್ತಾರೆ. ಜುಲೈ ಮಳೆಗೆ ‘ಹುಳ ಇಳಿದಿದೆ’. ಮಾರ್ಚ್ ಬಿಸಿಲಿಗೆ ‘ಹುಳ ಏರಿದೆ’. ತೀರಾ ಜಾಸ್ತಿಯಾದರೆ ‘ಈಗ ಹುಳಕ್ಕೆ ಸುಗ್ಗಿ’. ಮಾತು ನಿಜವೇ. ಜೋರು ಮಳೆ ಸಣ್ಣ ಹುಳಗಳನ್ನು ಎಲೆಯಿಂದ ತೊಳೆದು ಹಾಕುತ್ತದೆ. ಬಿಸಿಲಲ್ಲಾದರೆ ಮೊಟ್ಟೆ ಪತಂಗವಾಗಲು ಎರಡು ಮೂರು ವಾರ ಸಾಕು. ಒಂದೇ ಬೆಳೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಎಲ್ಲ ಆಗಿಬಿಡುತ್ತವೆ.

‘ಏರಿಳಿತ’ ಅಂತ ಬರೆದರೆ ಆಯ್ತಲ್ವಾ ಅಂದುಕೊಂಡೆ. ತೊಡಕು ಬಂದದ್ದು ಅಲ್ಲೇ. ನಮ್ಮಲ್ಲಿ ಹೆಚ್ಚು ಕಾಡೋದು ವಜ್ರಬೆನ್ನಿನ ಪತಂಗದ ಮರಿ. (ಪತಂಗ ರೆಕ್ಕೆ ಮಡಚಿ ಕೂತಾಗ ಬೆನ್ನ ಮೇಲೆ ವಜ್ರದಂಥ ಗುರುತು ಕಾಣುತ್ತೆ, ಅದಕ್ಕೇ ಆ ಹೆಸರು.) ತಿಳಿಹಸಿರು ಬಣ್ಣ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಎಲೆಯ ಅಡಿಯಲ್ಲಿ ಕೂತು ಕೆರೆದು ತಿಂದು, ಮೇಲಿನ ತೆಳು ಪೊರೆ ಮಾತ್ರ ಬಿಡುತ್ತದೆ, ಗಾಜು ಕೂರಿಸಿದ ಕಿಟಕಿಯ ಹಾಗೆ. ಬೆರಳು ತಾಗಿಸಿದರೆ ಸಾಕು, ಹೊರಳಾಡಿ ಒಂದು ನೂಲು ಬಿಟ್ಟು ಕೆಳಗೆ ಜೋತು ಬೀಳುತ್ತದೆ. ಅಂದರೆ ನಿಜವಾಗಿ ‘ಇಳಿಯುತ್ತದೆ’. ಈಗ ‘ಹುಳ ಇಳಿದಿದೆ’ ಅಂದರೆ ಕಡಿಮೆ ಆಗಿದೆ ಅಂತಲೋ, ನೂಲು ಹಿಡಿದು ಜೋತಾಡುತ್ತಿದೆ ಅಂತಲೋ?

ಅಜ್ಜನಿಗೆ ಈ ಗೊಂದಲ ಇಲ್ಲ. ಕೋಸಿನ ಸಾಲುಗಳ ಮಧ್ಯೆ ಅವರು ಸಾಸಿವೆ ಹಾಕುತ್ತಾರೆ, 25 ಸಾಲಿಗೆ ಎರಡರಂತೆ. ಪತಂಗ ಸಾಸಿವೆಯನ್ನೇ ಹುಡುಕಿಕೊಂಡು ಹೋಗಿ ಮೊಟ್ಟೆ ಇಡುತ್ತದೆ. ಆಗ ಅವರು ಅನ್ನೋದು: ‘ಹುಳ ಸಾಸಿವೆಗೆ ಏರಿದೆ, ಕೋಸಲ್ಲಿ ಇಳಿದಿದೆ.’ ‘-ಗೆ’ ಬಂದರೆ ಹತ್ತೋದು, ‘-ಅಲ್ಲಿ’ ಬಂದರೆ ಲೆಕ್ಕ. ಎಷ್ಟು ಸಲೀಸು!

ಹಾಗಾದರೆ ‘ಎಲೆಕೋಸಿನಲ್ಲಿ ಹುಳದ ಏರಿಳಿತ’ ಅಂತ ತಲೆಬರಹ ಕೊಟ್ಟರೆ ಲೆಕ್ಕದ ಅರ್ಥವೇ ಮೊದಲು ಹೊಳೆಯುತ್ತಾ? ಇಲ್ಲಾ ‘ಹುಳದ ಸಂಖ್ಯೆಯ ಏರಿಳಿತ’ ಅಂತ ಬಿಡಿಸಿಯೇ ಬರೆಯಬೇಕಾ? ನನಗೆ ಮೊದಲನೆಯದೇ ಇಷ್ಟ. ಕೋಲಾರ, ಬೆಳಗಾವಿ ಕಡೆ ಕೋಸು ಬೆಳೆಯುವವರು ಹುಳ ಜಾಸ್ತಿಯಾದಾಗ ಏನಂತಾರೆ, ಅದನ್ನೂ ತಿಳಿಸಿ.