ಹಾರಿದ ಗಂಟೆಗೆ ಸಂಬಳ: ಇಂಥ ಗಗನಸಖಿ ಕೆಲಸ ಒಪ್ಪಿಕೊಳ್ಳಲೇ? ಮಾಡಿದವರು ತಿಳಿಸಿ

ಕೇಳಿದವರು: ವಿಜಯನಗರ

ಪುತ್ತೂರಿನವಳು, ವಯಸ್ಸು 22. ಬಿ.ಕಾಂ. ಮುಗಿಸಿ ಬೆಂಗಳೂರಿನ ರಾಜಾಜಿನಗರದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಒಂದೂವರೆ ವರ್ಷದಿಂದ ಇದ್ದೇನೆ. ಈಗ ಒಂದು ವಿಮಾನಯಾನ ಸಂಸ್ಥೆಯಲ್ಲಿ ಕ್ಯಾಬಿನ್ ಸಿಬ್ಬಂದಿಯಾಗಿ ಆಯ್ಕೆಯಾಗಿದ್ದೇನೆ. ಕೆಲಸ ಕಾಯಂ ಅಲ್ಲ. ಒಂದು ವರ್ಷದ ಕರಾರು, ಕರೆದಾಗ ಹೋಗಬೇಕು, ಹಾರಿದ ಗಂಟೆಗೆ ಇಷ್ಟೆಂದು ಹಣ. ತಿಂಗಳಿಗೆ 70 ಗಂಟೆಯವರೆಗೂ ಸಿಗಬಹುದು ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಸಹಿ ಹಾಕಲು ಹತ್ತು ದಿನ ಉಳಿದಿದೆ. 2010ರಲ್ಲಿ ಬಜ್ಪೆಯಲ್ಲಿ ವಿಮಾನ ಬಿದ್ದು 158 ಜನ ಹೋದದ್ದು ಅಮ್ಮನಿಗೆ ಇನ್ನೂ ನಿನ್ನೆಯಂತಿದೆ. ಆ ಸುದ್ದಿ ಎತ್ತಿದರೆ ಸಾಕು, ಎದ್ದು ಒಳಗೆ ಹೋಗುತ್ತಾರೆ. ಏನು ಮಾಡಲಿ?

ಯಲಹಂಕ, ಇದೇ ಬಗೆಯ ಕರಾರಿನಲ್ಲಿ ಎರಡು ವರ್ಷ ಇದ್ದವಳು

ತಂಗಿ, ಆ ‘ಸಿಗಬಹುದು’ ಎಂಬ ಮಾತನ್ನು ನಂಬಿ ರಾಜಾಜಿನಗರದ ಕುರ್ಚಿ ಬಿಡಬೇಡ. ನನಗೂ ಹೀಗೆಯೇ ಹೇಳಿದ್ದರು. ದಸರೆಯಿಂದ ಕ್ರಿಸ್‌ಮಸ್‌ವರೆಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲದಷ್ಟು ಹಾರಿಸಿದರು. ಫೆಬ್ರವರಿ ತಿಂಗಳಲ್ಲಿ ನಾನು ಹಾರಿದ್ದು 19 ಗಂಟೆ. ಬಾಡಿಗೆ ಕಟ್ಟಲು ಅಣ್ಣನ ಮುಂದೆ ಕೈಚಾಚಿದೆ.

ಗಂಟೆ ಎಂದರೆ ಯಾವ ಗಂಟೆ ಎಂಬುದನ್ನು ಮೊದಲು ತಿಳಿದುಕೊ. ವಿಮಾನ ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ನಿಂತು ಚಕ್ರಕ್ಕೆ ಅಡ್ಡಗಟ್ಟೆ ಕೊಡುವವರೆಗಿನದಷ್ಟೇ ಲೆಕ್ಕ. ಬ್ಲಾಕ್ ಅವರ್ ಎನ್ನುತ್ತಾರೆ. ಕ್ಯಾಬ್‌ನಲ್ಲಿ ಕಳೆದದ್ದು, ಹಾರಾಟಕ್ಕೆ ಮುಂಚಿನ ಬ್ರೀಫಿಂಗ್, ಜನರನ್ನು ಹತ್ತಿಸಿ ಚೀಲಗಳನ್ನು ಮೇಲೆ ತುರುಕಿದ್ದು, ಇಳಿಸಿದ ಮೇಲೆ ಸೀಟಿನ ಜೇಬು ತಡಕಿದ್ದು, ಇವೆಲ್ಲ ನನ್ನ ಕರಾರಿನಲ್ಲಿ ಪುಕ್ಕಟೆ.

ಒಂದು ಜನವರಿ ಬೆಳಿಗ್ಗೆ ದೇವನಹಳ್ಳಿಯಲ್ಲಿ ಮಂಜು ಕವಿಯಿತು. ರಾತ್ರಿ ಎರಡಕ್ಕೆ ಮನೆಯಿಂದ ಹೊರಟಿದ್ದೆ. ಜನರೆಲ್ಲ ಹತ್ತಿ ಕುಳಿತಾಗಿದೆ, ವಿಮಾನ ಕದಲುತ್ತಿಲ್ಲ. ಮೂರೂಕಾಲು ಗಂಟೆ ಹಾಗೆಯೇ. ನಡುಸಾಲಿನ ಒಬ್ಬರು ಕೈಗಡಿಯಾರವನ್ನು ನನ್ನ ಮುಖಕ್ಕೇ ಹಿಡಿದು ತೋರಿಸುತ್ತಿದ್ದರು, ಮಂಜನ್ನು ನಾನೇ ಕಳಿಸಿದ್ದೇನೆ ಎಂಬಂತೆ. ಅವರ ಹಿಂದಿನ ಸಾಲಿನ ಅಜ್ಜಿ ಮಾತ್ರೆಗೆ ಬಿಸಿನೀರು ಕೇಳಿದರು. ಲೋಟ ಹಿಂದಿರುಗಿಸುವಾಗ ‘ನೀನು ಏನಾದರೂ ತಿಂದೆಯಾ ಮಗಳೇ’ ಎಂದು ಸ್ಟೀಲ್ ಡಬ್ಬಿ ತೆರೆದು ನಾಲ್ಕು ಕೋಡುಬಳೆ ಕೈಗಿಟ್ಟರು. ಗ್ಯಾಲಿಯ, ಅಂದರೆ ವಿಮಾನದ ಅಡುಗೆ ಮೂಲೆಯ, ಪರದೆ ಎಳೆದುಕೊಂಡು, ಸದ್ದಾಗದಂತೆ ಬಾಯಲ್ಲೇ ನೆನೆಸಿ ತಿಂದೆ. ಆ ಮೂರೂಕಾಲು ಗಂಟೆಗೆ ನನಗೆ ಸಂದ ಸಂಬಳ ಅಷ್ಟೇ.

ಸ್ಟ್ಯಾಂಡ್‌ಬೈ ಇನ್ನೊಂದು ಕತೆ. ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ, ತುರುಬು ಕಟ್ಟಿ, ಮೊಬೈಲ್ ಹಿಡಿದು ಎಂಟು ಗಂಟೆ ಕುಳಿತಿರಬೇಕು. ಸ್ನಾನಕ್ಕೆ ಹೋದರೂ ಮೊಬೈಲ್ ಬಚ್ಚಲಿನ ಗೂಡಿನಲ್ಲಿ. ಕರೆ ಬರದಿದ್ದರೆ ಆ ದಿನ ಸೊನ್ನೆ. ಅಂದಹಾಗೆ, ವಿಜಯನಗರದಿಂದ ಇದು ಆಗುವ ಮಾತಲ್ಲ. ಹೆಬ್ಬಾಳದ ಮೇಲ್ಸೇತುವೆಯಲ್ಲೇ ನಿನ್ನ ವಿಮಾನ ತಪ್ಪುತ್ತದೆ. ವಾಯು ವಜ್ರ ಬಸ್ಸು ಒಳ್ಳೆಯದೇ, ಆದರೆ ತುರ್ತಾಗಿ ಕರೆದಾಗ ಅದನ್ನು ನಂಬಿ ಕೂರಲಾಗದು. ಯಲಹಂಕದ ಕಡೆಗೆ ಮನೆ ನೋಡು.

ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರಿಸಬಾರದು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಿತಿ ಹಾಕಿದೆ. ಕಡಿಮೆ ಎಂದರೆ ಎಷ್ಟು ಹಾರಿಸಬೇಕು ಎಂದು ಹೇಳುವವರಿಲ್ಲ. ಅದು ನಿನ್ನ ಕರಾರಿನಲ್ಲಿಯೇ ಬರಬೇಕು. ‘ಹಾರಿಸಲಿ ಬಿಡಲಿ, ತಿಂಗಳಿಗೆ ಕನಿಷ್ಠ ಇಷ್ಟು ಗಂಟೆಯ ಹಣ’ ಎಂಬ ಒಂದು ಸಾಲು ಬರೆಸಿಕೊ. ಅದೊಂದು ಇದ್ದರೆ ಉಳಿದದ್ದನ್ನೆಲ್ಲ ಸಹಿಸಬಹುದು.

ಕೊಡಿಗೇಹಳ್ಳಿ, ಆರನೆಯ ವರ್ಷದಲ್ಲಿರುವ ಸಿಬ್ಬಂದಿ

ನಾನು ಗಂಡಸು. ಈ ಕೆಲಸಕ್ಕೆ ನನ್ನನ್ನು ಏನೆಂದು ಕರೆಯಬೇಕೆಂದು ಊರಲ್ಲಿ ಯಾರಿಗೂ ತಿಳಿಯದು. ಸೋದರಮಾವ ಮಾತ್ರ ನಿಸ್ಸಂಕೋಚವಾಗಿ ‘ವಿಮಾನದ ಕಂಡಕ್ಟರ್’ ಎನ್ನುತ್ತಾರೆ.

ಯಲಹಂಕದ ಅಕ್ಕ ಹೇಳಿದ ಸ್ಟ್ಯಾಂಡ್‌ಬೈ ಯಾಕೆ ಬಂತು ಎಂದರೆ, ಪ್ರತಿ 50 ಸೀಟಿಗೆ ಒಬ್ಬ ಸಿಬ್ಬಂದಿ ಇರಲೇಬೇಕು. 180 ಸೀಟಿನ ವಿಮಾನಕ್ಕೆ ನಾಲ್ವರು, ಎಟಿಆರ್‌ನಂಥ ಚಿಕ್ಕದಕ್ಕೆ ಇಬ್ಬರು. ನಾಲ್ವರಲ್ಲಿ ಒಬ್ಬಳಿಗೆ ಜ್ವರ ಬಂದು ಬದಲಿ ಸಿಗದಿದ್ದರೆ ಆ ವಿಮಾನ ತುಂಬಿಕೊಂಡು ಹೊರಡುವಂತಿಲ್ಲ. ಆ ಜ್ವರಕ್ಕಾಗಿ ಕಾಯುವವರು ನೀವು.

ತರಬೇತಿಯ ಬಗ್ಗೆ ಅಮ್ಮನಿಗೆ ತಿಳಿಸಿ ಹೇಳಿ. ಲೈಫ್ ಜಾಕೆಟ್ ಕಟ್ಟಿಸಿ ಈಜುಕೊಳಕ್ಕೆ ಇಳಿಸುತ್ತಾರೆ, ಒದ್ದೆ ಬಟ್ಟೆಯ ಭಾರದಲ್ಲಿ ಇನ್ನೊಬ್ಬರನ್ನು ರಬ್ಬರ್ ತೆಪ್ಪಕ್ಕೆ ಎಳೆದು ಹಾಕಬೇಕು. ಹೊಗೆ ತುಂಬಿದ ಕೋಣೆಯಲ್ಲಿ ನೆಲಕ್ಕೆ ಮುಖ ಹಚ್ಚಿ ದಾರಿ ಹುಡುಕಬೇಕು. ಕೂಗುವುದನ್ನೂ ಕಲಿಸುತ್ತಾರೆ. ನಾನು ಮೆಲುದನಿಯವನು, ಎರಡು ದಿನ ಗಂಟಲು ಕಟ್ಟಿತ್ತು. ಅರ್ಧ ಬಾಗಿಲುಗಳಷ್ಟೇ ತೆರೆದರೂ 90 ಸೆಕೆಂಡಿನಲ್ಲಿ ಇಡೀ ವಿಮಾನ ಖಾಲಿಯಾಗುತ್ತದೆ ಎಂದು ತಯಾರಕರು ತೋರಿಸಿಕೊಟ್ಟ ಮೇಲೆಯೇ ವಿಮಾನಕ್ಕೆ ಪರವಾನಗಿ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಹೊತ್ತಿ ಉರಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಜನರೂ ಜೀವಂತವಾಗಿ ಹೊರಬಂದರು. ಬಾಗಿಲುಗಳ ಬಳಿ ನಿಂತವರು ನಮ್ಮಂಥವರೇ. ಇದನ್ನು ಕೇಳಿ ನಮ್ಮ ಅಮ್ಮ ಸಮಾಧಾನಗೊಳ್ಳಲಿಲ್ಲ, ಆದರೆ ಬೈಯುವುದನ್ನು ನಿಲ್ಲಿಸಿದರು.

ನೆಗಡಿ ಇದ್ದಾಗ ಮಾತ್ರ ಹಾರಬೇಡಿ. ಕಾಯಂ ನೌಕರ ರಜೆ ಹಾಕುತ್ತಾನೆ, ಗಂಟೆ ಲೆಕ್ಕದವನು ಮೂಗಿಗೆ ಎರಡು ಹನಿ ಬಿಟ್ಟುಕೊಂಡು ಹೊರಡುತ್ತಾನೆ. ಮೊದಲ ವರ್ಷ ನಾನೂ ಹಾಗೆ ಹೊರಟೆ. ಏರುವಾಗ ಏನೂ ಆಗಲಿಲ್ಲ. ಇಳಿಯುವಾಗ ಎಡಕಿವಿಗೆ ದಬ್ಬಳ ಹಾಕಿ ತಿರುವಿದಂತಾಯಿತು. ಜಂಪ್ ಸೀಟಿನಲ್ಲಿ, ಅಂದರೆ ಸಿಬ್ಬಂದಿಯ ಮಡಿಸುವ ಸೀಟಿನಲ್ಲಿ, ಪ್ರಯಾಣಿಕರಿಗೆ ಎದುರಾಗಿ ಕುಳಿತಿದ್ದೇನೆ, ಕಣ್ಣಿನಲ್ಲಿ ನೀರು ಇಳಿಯುತ್ತಿದೆ, ಮುಂದಿನ ಸಾಲಿನ ಮಗು ನನ್ನನ್ನೇ ನೋಡುತ್ತಾ ತಾನೂ ಅಳಲು ಶುರು ಮಾಡಿತು. ಒಂದು ದಿನದ ಹಣಕ್ಕೆ ಆಸೆಪಟ್ಟು ಮೂರು ವಾರ ನೆಲದ ಮೇಲೆ ಉಳಿದೆ.

ಇನ್ನೊಂದು, ಹಾರಾಟಕ್ಕೆ ಮೊದಲು ಉಸಿರಿನ ಪರೀಕ್ಷೆ ಇರುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಕೂಡ ನಿಷಿದ್ಧ. ಹೋಮಿಯೋಪತಿ ಹನಿ, ಕೆಮ್ಮಿನ ಸಿರಪ್ ತೆಗೆದುಕೊಳ್ಳುವ ಮುನ್ನ ಸಂಸ್ಥೆಯ ವೈದ್ಯರನ್ನು ಕೇಳಿ.

ಮಲ್ಲೇಶ್ವರ, ಭರತನಾಟ್ಯ ಕಲಿಸುವವಳು

ಎಲ್ಲರೂ ಹೆದರಿಸುತ್ತಿದ್ದಾರೆ. ನನಗೆ ಈ ಪದ್ಧತಿಯೇ ಒಗ್ಗಿತು. ಖಾಲಿ ತಿಂಗಳುಗಳಲ್ಲಿ ಪಾಠ ಹೇಳುತ್ತಿದ್ದೆ, ಕಾರ್ಯಕ್ರಮ ಇದ್ದಾಗ ಆ ದಿನಗಳು ಬೇಡವೆಂದು ಮೊದಲೇ ಬರೆದುಕೊಡುತ್ತಿದ್ದೆ. ಕಾಯಂ ಆಗಿದ್ದರೆ ನೃತ್ಯ ಬಿಟ್ಟೇ ಹೋಗುತ್ತಿತ್ತು. ಆದರೆ ನಾನಿದ್ದದ್ದು ಅಪ್ಪನ ಮನೆಯಲ್ಲಿ, ಬಾಡಿಗೆ ಇಲ್ಲದೆ. ಇದನ್ನು ಮುಚ್ಚಿಟ್ಟು ಸಲಹೆ ಕೊಟ್ಟರೆ ಮೋಸವಾಗುತ್ತದೆ.

ಬಸವನಗುಡಿ, ವೇತನ ವಿಭಾಗದಲ್ಲಿ ಇಪ್ಪತ್ತು ವರ್ಷ

ನೀವೇ ಬಿ.ಕಾಂ. ಓದಿದವರು, ಕರಾರನ್ನು ಲೆಕ್ಕದ ಕಣ್ಣಿನಿಂದ ಓದಿ. ನಿಮ್ಮನ್ನು ‘ನಿಗದಿತ ಅವಧಿಯ ನೌಕರಳು’ ಎಂದಿದ್ದಾರೆಯೇ, ಅಥವಾ ವೃತ್ತಿಪರ ಶುಲ್ಕ ಪಡೆಯುವವಳು ಎಂದೇ? ನೌಕರಳಾದರೆ ಭವಿಷ್ಯ ನಿಧಿ ಬರುತ್ತದೆ. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ಒಂದು ವರ್ಷ ಮುಗಿಸಿದರೆ ಗ್ರಾಚ್ಯುಟಿಯೂ ಉಂಟು. ಶುಲ್ಕವಾದರೆ ಎರಡೂ ಇಲ್ಲ. ಗಂಟೆಯ ದರ ಮಾತ್ರ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ.

ಹೆರಿಗೆ ಸೌಲಭ್ಯಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಕಾದ ದಿನವನ್ನು ಕೆಲಸದ ದಿನವೆಂದು ಬರೆಯುತ್ತಾರೋ ಇಲ್ಲವೋ ಕೇಳಿ. ನಿಮಗೆ ಈಗ 22, ನಗು ಬರಬಹುದು. ಮೊದಲ ಗರ್ಭಕ್ಕೇ ಗಗನಸಖಿಯನ್ನು ಮನೆಗೆ ಕಳಿಸುವ ಏರ್ ಇಂಡಿಯಾದ ಹಳೆಯ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1981ರಲ್ಲಿ. ಕರಾರಿನ ಕೆಲಸದಲ್ಲಿ ತೆಗೆದುಹಾಕುವ ತೊಂದರೆಯೇ ಇಲ್ಲ, ನವೀಕರಿಸದಿದ್ದರೆ ಆಯಿತು.

ತರಬೇತಿ ವೆಚ್ಚದ ಬಾಂಡ್ (ಅವಧಿಗೆ ಮೊದಲೇ ಬಿಟ್ಟರೆ ಹಣ ಕಟ್ಟಿಕೊಡುತ್ತೇನೆ ಎಂಬ ಮುಚ್ಚಳಿಕೆ) ಇದ್ದರೆ ಮೊತ್ತವನ್ನೂ ಅವಧಿಯನ್ನೂ ನೋಡಿ. ಅವರು ನಿಮಗೆ ಒಂದು ವರ್ಷ ಕೊಟ್ಟು, ಬಾಂಡ್ ಎರಡು ವರ್ಷದ್ದು ಬರೆಸಿಕೊಂಡರೆ ಏನರ್ಥ? ನನ್ನ ಸೋದರ ಸೊಸೆಯ ಹತ್ತಿರ ಒಂದು ಸಂಸ್ಥೆಯವರು ಹೀಗೆಯೇ ಮಾಡಿದರು. ಮೂಲ ಅಂಕಪಟ್ಟಿಗಳನ್ನೂ ಇಟ್ಟುಕೊಂಡರು. ಬಿಡಿಸಿಕೊಳ್ಳಲು ಏಳು ತಿಂಗಳು ಹಿಡಿಯಿತು. ಮೂಲ ಪ್ರತಿಗಳನ್ನು ತೋರಿಸಿ, ಕೊಡಬೇಡಿ.

ವಿಜಯನಗರ, ಐದು ದಿನದ ನಂತರ

ಎಲ್ಲರಿಗೂ ನಮಸ್ಕಾರ. ನಾಲ್ಕು ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕೇಳಿದೆ. ನೌಕರಳೇ, ಶುಲ್ಕವಲ್ಲ ಎಂದು ಉತ್ತರ ಬಂತು. ಬಾಂಡ್ ಒಂದು ವರ್ಷಕ್ಕೆ. ವಿಮಾನ ನಿಲ್ದಾಣದಲ್ಲಿ ಕಾದರೆ ಅರ್ಧ ದರ, ಮನೆಯಲ್ಲಿ ಕಾದರೆ ಏನೂ ಇಲ್ಲ. ಕನಿಷ್ಠ ಗಂಟೆಯ ಪ್ರಶ್ನೆಗೆ ‘ಕಾರ್ಯಾಚರಣೆಯ ಅಗತ್ಯಕ್ಕೆ ಅನುಗುಣವಾಗಿ’ ಎಂದಷ್ಟೇ ಬರೆದಿದ್ದರು. ಮತ್ತೆ ಕೇಳಿದೆ. ನಿನ್ನೆ ಒಬ್ಬರು ಕರೆ ಮಾಡಿ 40 ಗಂಟೆ ಎಂದರು. ಅದನ್ನೇ ಇಮೇಲ್‌ನಲ್ಲಿ ಕಳಿಸಿ ಎಂದಿದ್ದೇನೆ, ಇನ್ನೂ ಬಂದಿಲ್ಲ. ಅದು ಬರುವವರೆಗೆ ಕಚೇರಿಯಲ್ಲಿ ರಾಜೀನಾಮೆ ಕೊಡುವುದಿಲ್ಲ. ಈಜುಕೊಳದ ವಿಷಯ ಕೇಳಿ ಅಮ್ಮ ಒಂದು ಮಾತು ಆಡಿದರು: ‘ನಿನಗೆ ಕೆರೆಗೆ ಇಳಿಯಲೇ ಭಯ.’ ಯಲಹಂಕದ ಅಕ್ಕ, ಅಲ್ಲಿ ಪಿ.ಜಿ.ಗಳಲ್ಲಿ ಊಟ ಹೇಗಿರುತ್ತದೆ?

ಯಲಹಂಕ

ರಾತ್ರಿ ಒಂದೂವರೆಗೆ ಎದ್ದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಒಂದು ಕರೆಂಟ್ ಕೆಟಲ್ ತಂದುಕೊ. ಈಜು ಕಲಿಯಲು ನಾಳೆಯಿಂದಲೇ ಹೋಗು, ಇಮೇಲ್‌ಗೆ ಕಾಯಬೇಡ.